ಮೂವತ್ತನಾಲ್ಕು ಎಂದು ಬರೆದ ಹಾಳೆ

ಮೂವತ್ತನಾಲ್ಕು ಎಂಬ ಅಂಕಿಯನ್ನು ಬರೆದವನು ನಾನೇ. ಹಾಳೆಯ ಕೆಳತುದಿಯಲ್ಲಿ ಬರೆದು, ಅದರ ಅಡಿಗೆ ಎರಡು ಗೆರೆ ಎಳೆದು ಸೊಸೆಯ ಕೈಗೆ ಕೊಟ್ಟೆ. ಬೇಕಾಗಿದ್ದದ್ದು ನಲವತ್ತು. ಅವಳು ಹಾಳೆಯನ್ನು ನೋಡಿದಳು, ನನ್ನನ್ನು ನೋಡಲಿಲ್ಲ. "ಆತರಿ ಮಾವಾರ" ಎಂದಷ್ಟೇ ಹೇಳಿ ಅದನ್ನು ಫೈಲಿನೊಳಗೆ ಸೇರಿಸಿದಳು, ಫೈಲನ್ನು ಕಪಾಟಿನ ಮೇಲಕ್ಕೆ ಏರಿಸಿದಳು, ಒಳಗೆ ಹೋಗಿ ರೊಟ್ಟಿ ಬಡಿಯಲು ಕುಳಿತಳು. ಅಂದು ಶುಕ್ರವಾರ. ಅರ್ಜಿಯ ಗಡುವು ಸೋಮವಾರ ಸಂಜೆ ಐದು ಗಂಟೆಗೆ ಮುಗಿಯುತ್ತಿತ್ತು. ಎಪ್ಪತ್ತು ವರ್ಷದ ಬಾಳಿನಲ್ಲಿ ನನ್ನ ಮಾತನ್ನು ಅಷ್ಟು ಬೇಗ ಯಾರೂ ಒಪ್ಪಿಕೊಂಡಿರಲಿಲ್ಲ. ಒಪ್ಪಿಗೆ ಸಿಕ್ಕಾಗ ಸಮಾಧಾನವಾಗಬೇಕಿತ್ತು. ಒಳಗಿನಿಂದ ಬರುತ್ತಿದ್ದ ರೊಟ್ಟಿ ಬಡಿಯುವ ಸದ್ದು ಎಂದಿಗಿಂತ ಗಟ್ಟಿಯಾಗಿತ್ತು.

ಈ ನಲವತ್ತು ಏನೆಂಬುದನ್ನು ಮೊದಲು ಹೇಳಬೇಕು.

ಸೊಸೆ ಬನಹಟ್ಟಿಯಿಂದ ದಿನಾಲೂ ಬಸ್ಸಿನಲ್ಲಿ ಜಮಖಂಡಿಗೆ ಹೋಗಿ, ಅಲ್ಲಿನ ಒಂದು ಕಚೇರಿಯಲ್ಲಿ ಗುತ್ತಿಗೆಯ ಮೇಲೆ ಕಂಪ್ಯೂಟರ್ ಆಪರೇಟರ್ ಆಗಿ ಕೆಲಸ ಮಾಡುತ್ತಾಳೆ. ದೀಪಾವಳಿ ಕಳೆದ ಮೇಲೆ ಆ ಕಚೇರಿಯ ಗೋಡೆಗೆ ಒಂದು ಸೂಚನೆ ಅಂಟಿಸಿದರು: ಇನ್ನು ಎರಡೂವರೆ ವರ್ಷದೊಳಗೆ ಕಂಪ್ಯೂಟರ್ ವಿಷಯದಲ್ಲಿ ಪದವಿ ಪಡೆದು ತೋರಿಸಿದವರನ್ನು ಮಾತ್ರ ಮುಂದುವರಿಸಲಾಗುವುದು. ಕೆಲಸ ಬಿಡದೆ ಓದಬೇಕಾದರೆ ಆನ್‌ಲೈನ್ ಪದವಿಯೊಂದೇ ದಾರಿ, ಅದಕ್ಕೆ ಮೂರು ವರ್ಷ ಹಿಡಿಯುತ್ತದೆ. ಆದರೆ ಅವಳು ಮದುವೆಗೆ ಮುಂಚೆ ಬೀಳಗಿ ಕಡೆಯ ಒಂದು ಕಾಲೇಜಿನಲ್ಲಿ ಎರಡು ವರ್ಷ ಇಂಜಿನಿಯರಿಂಗ್ ಓದಿ ಬಿಟ್ಟಿದ್ದಳು. ಪಾಸಾದ ಪ್ರತಿ ವಿಷಯಕ್ಕೆ ಇಷ್ಟೆಂದು ಆಗ ಗಳಿಸಿದ ಕ್ರೆಡಿಟ್‌ಗಳಲ್ಲಿ ನಲವತ್ತನ್ನು ಹೊಸ ವಿಶ್ವವಿದ್ಯಾಲಯ ಒಪ್ಪಿಕೊಂಡರೆ ನೇರವಾಗಿ ಎರಡನೆಯ ವರ್ಷಕ್ಕೆ ಪ್ರವೇಶ ಸಿಗುತ್ತದೆ, ಗಡುವಿನೊಳಗೆ ಪದವಿ ಕೈಗೆ ಬರುತ್ತದೆ. ಮೂವತ್ತೊಂಬತ್ತಾದರೂ ಮೊದಲಿನಿಂದಲೇ ಶುರು ಮಾಡಬೇಕು. ಏಳು ವರ್ಷ ದಾಟಿದ ಕ್ರೆಡಿಟ್ ನಡೆಯುವುದಿಲ್ಲವೆಂಬ ನಿಯಮ ಬೇರೆ ಇತ್ತು. ಅವಳ ಮೊದಲ ಸೆಮಿಸ್ಟರಿನ ಕ್ರೆಡಿಟ್‌ಗಳಿಗೆ ಏಳು ತುಂಬಲು ಕೆಲವೇ ವಾರ ಉಳಿದಿದ್ದವು. ಈ ಸಲ ತಪ್ಪಿದರೆ ಮುಂದಿನ ಸಲ ಎಣಿಸಲು ನಲವತ್ತು ಇರುತ್ತಲೇ ಇರಲಿಲ್ಲ.

ಇದನ್ನು ನಮಗೆ ಮೊದಲು ಹೇಳಿದವನು ಜಮಖಂಡಿ ಬಸ್ ಸ್ಟ್ಯಾಂಡಿನ ಸಮೀಪ ಪ್ರವೇಶ ಕೇಂದ್ರವೆಂದು ಬೋರ್ಡು ಹಾಕಿಕೊಂಡು ಕುಳಿತ ಒಬ್ಬ ತರುಣ. ಗಾಜಿನ ಬಾಗಿಲು, ಮೇಜಿನ ಮೇಲೆ ಪ್ಲಾಸ್ಟಿಕ್ ಹೂವು, ಗೋಡೆಯ ತುಂಬ ಕಪ್ಪು ಟೊಪ್ಪಿಗೆ ಹಾಕಿಕೊಂಡು ನಗುವ ಪದವೀಧರರ ಚಿತ್ರ.

"ಅಕ್ಕಾರ, ಎರಡ ವರ್ಷ ಇಂಜಿನಿಯರಿಂಗ್ ಆಗೇತಲ್ಲರಿ, ಕಣ್ಣ ಮುಚ್ಚಿ ಸೆಕೆಂಡ್ ಇಯರ್. ಎಲ್ಲಾ ಕ್ರೆಡಿಟ್ ಬರ್ತಾವ" ಎಂದ.

"ಎಲ್ಲಾ ಬರ್ತಾವಂತ ಎಲ್ಲಿ ಬರದೈತಿ?" ಎಂದೆ ನಾನು.

"ಎಲ್ಲಾರಿಗೂ ಬಂದಾವರಿ ಅಜ್ಜಾರ."

"ಬಂದವರು ಒಬ್ಬರನ್ನ ತೋರಸ್ರಿ."

ಆತ ಸೊಸೆಯ ಕಡೆ ತಿರುಗಿ ತಗ್ಗಿದ ದನಿಯಲ್ಲಿ, "ಇವರು ಯಾರರಿ ಅಕ್ಕಾರ?" ಎಂದು ಕೇಳಿದ.

"ನಮ್ಮ ಮಾವಾರರಿ. ಚರಗಿ ನೀರು ಕೊಟ್ರೂ ಯಾವ ಬಾವೀದು ಅಂತ ಕೇಳೇ ಕುಡಿಯವರು" ಎಂದಳು ಅವಳು. ಮೂವರೂ ನಕ್ಕೆವು. ಆದರೆ ನಿಯಮಾವಳಿಯ ಪೂರ್ತಿ ಪ್ರತಿಯನ್ನು ಆತ ನನ್ನ ಫೋನಿಗೆ ಕಳಿಸುವ ತನಕ ನಾನು ಕುರ್ಚಿ ಬಿಟ್ಟು ಏಳಲಿಲ್ಲ.

ನಾನು ಶಾಲೆ ಕಲಿತದ್ದು ಏಳನೆಯ ಇಯತ್ತೆಯ ತನಕ. ಆಮೇಲೆ ಮಗ್ಗ. ಇಂಗ್ಲಿಷನ್ನು ಕಲಿತದ್ದು ನೂಲಿನ ಕಟ್ಟಿಗೆ ಸುತ್ತಿ ಬರುತ್ತಿದ್ದ ಹಳೆಯ ಪತ್ರಿಕೆಗಳಿಂದ, ಪಾವರ್‌ಲೂಮಿನ ಜೊತೆಗೆ ಬಂದ ಕೈಪಿಡಿಯಿಂದ, ಮತ್ತು ರಟ್ಟು ಹರಿದ ಒಂದು ನಿಘಂಟಿನಿಂದ. ಹಾಗೆ ಕಲಿತವನಿಗೆ ಒಂದು ಚಟ ಅಂಟುತ್ತದೆ. ಯಾರೋ ಹೇಳಿದ್ದನ್ನು ಮೂಲದಲ್ಲಿ ಹುಡುಕಿದಾಗಲೆಲ್ಲ ಅರ್ಧ ಬೇರೆಯೇ ಇರುವುದನ್ನು ಕಂಡು ಕಂಡು, ಹೇಳಿಕೆಯ ಮೇಲಿನ ನಂಬಿಕೆಯೇ ಹೋಗುತ್ತದೆ. ಚಿಕ್ಕಪಡಸಲಗಿಯ ಬ್ಯಾರೇಜನ್ನು ರೈತರೇ ಕಟ್ಟಿದರೆಂಬುದು ನಿಜ, ಅದನ್ನು ನಾನೂ ಕಣ್ಣಾರೆ ಕಂಡಿದ್ದೇನೆ. ಆದರೆ ಅಲ್ಲಿ ನಾನೂ ಕಲ್ಲು ಹೊತ್ತೆ ಎಂದು ನನ್ನೆದುರು ಎದೆ ತಟ್ಟಿಕೊಂಡವರನ್ನೆಲ್ಲ ಒಟ್ಟಿಗೆ ನಿಲ್ಲಿಸಿದರೆ ಕೃಷ್ಣೆಯಲ್ಲಿ ನೀರಿಗೆ ಜಾಗವಿರುತ್ತಿರಲಿಲ್ಲ. ಅವರಲ್ಲಿ ಕೆಲವರು ಆಗ ಹುಟ್ಟಿಯೇ ಇರಲಿಲ್ಲ. ಮುಧೋಳದ ನಾಯಿಗಳ ಬಗ್ಗೆ ಬಸ್ಸಿನಲ್ಲಿ ಕೇಳುವ ಕಥೆಗಳನ್ನಂತೂ ಬಿಟ್ಟೇಬಿಡುತ್ತೇನೆ. ಹೀಗೆ ಊರೆಲ್ಲದರ ಮಾತನ್ನು ತಿರುವಿ ನೋಡುವವನು ಮನೆಯೊಳಗಿನ ಒಂದು ಮಾತನ್ನು ಐದು ವರ್ಷ ಹಾಗೆಯೇ ನುಂಗಿಕೊಂಡಿದ್ದೆನೆಂಬುದು ಗೊತ್ತಾದದ್ದು ಅಂಕಪಟ್ಟಿಗಳನ್ನು ತೆಗೆದ ದಿನ.

ಮದುವೆಯ ಮಾತುಕತೆಯಲ್ಲಿ ಬೀಳಗಿಯ ಬೀಗರು ಹೇಳಿದ್ದರು: ಹುಡುಗಿಗೆ ಕಾಲೇಜಿನ ಓದು ಹತ್ತಲಿಲ್ಲ, ಗಣಿತ ಕೈ ಕೊಟ್ಟಿತು, ಅದಕ್ಕೇ ಬಿಡಿಸಿದೆವು. ನಾವು ತಲೆಯಾಡಿಸಿದೆವು. ನನ್ನ ಮಗ ಐಟಿಐ ಓದಿ ಮುಧೋಳ ಕಡೆಯ ಸಕ್ಕರೆ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದಾನೆ, ಓದು ಹತ್ತದ ಹುಡುಗಿ ಜೋಡಿಗೆ ಸರಿಹೋದಾಳು ಎಂದುಕೊಂಡೆವು. ಈಗ ಅವಳು ತವರಿನ ಟ್ರಂಕಿನಿಂದ ತಂದ ನಾಲ್ಕು ಅಂಕಪಟ್ಟಿಗಳನ್ನು ಕಟ್ಟೆಯ ಬಿಸಿಲಿನಲ್ಲಿ ಹರಡಿಕೊಂಡು ಕುಳಿತೆ. ನಾಲ್ಕು ಸೆಮಿಸ್ಟರಿನಲ್ಲಿ ಒಂದೂ ನಪಾಸಿಲ್ಲ. ಗಣಿತದಲ್ಲಿ ಅತಿ ಹೆಚ್ಚು ಅಂಕ. ಸಂಖ್ಯಾಶಾಸ್ತ್ರದ ಎದುರಿಗಿದ್ದ ಅಂಕಿಯನ್ನು ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ಓದಿದೆ.

"ಇದೇನವ್ವ? ನಿನಗ ಗಣಿತ ಬರಾಂಗಿಲ್ಲ ಅಂದಿದ್ರಲ್ಲ?"

ಅವಳು ಒಗೆದ ಬಟ್ಟೆಯನ್ನು ಹಗ್ಗಕ್ಕೆ ಹಾಕುತ್ತಿದ್ದಳು. ತಿರುಗಲಿಲ್ಲ. "ಅವ್ವನ ಸೊಂಟ ಮುರದಿತ್ತರಿ. ಮನ್ಯಾಗ ಮಾಡವರು ಯಾರೂ ಇದ್ದಿಲ್ಲ, ಬಿಟ್ಟೆ. ಆಮ್ಯಾಲ ನಿಮ್ಮ ಕಡಿಂದ ಕೇಳಾಕ ಬಂದ್ರು. ಹುಡುಗಗಿಂತ ಹುಡುಗಿ ಹೆಚ್ಚ ಕಲತಾಳಂದ್ರ ಸಂಬಂಧ ಮುರೀತೈತಿ ಅಂತ ನಮ್ಮ ಕಾಕಾ ಹಂಗ ಹೇಳಿದ."

"ಐದು ವರ್ಷ ಆತು. ನೀ ಯಾಕ ಹೇಳಲಿಲ್ಲ?"

"ನೀವ ಕೇಳಲಿಲ್ಲಲ್ಲರಿ ಮಾವಾರ."

ಅವಳ ದನಿಯಲ್ಲಿ ದೂರಿರಲಿಲ್ಲ. ಹಗ್ಗದ ಮೇಲಿನ ಸೀರೆಯ ಸುಕ್ಕನ್ನು ಎರಡೂ ಕೈಯಿಂದ ಎಳೆದು ಬಿಡಿಸಿದಳು. ಆ ಕ್ಷಣದಿಂದ ಈ ಪದವಿ ನನ್ನ ಹಟವೂ ಆಯಿತು.

ನಿಯಮಾವಳಿಯ ಪ್ರಕಾರ ಹಳೆಯ ಕಾಲೇಜಿನ ಪಠ್ಯಕ್ರಮದ ಪ್ರತಿ ಬೇಕು, ಅದರ ಮೇಲೆ ಕಾಲೇಜಿನ ಮುದ್ರೆ ಬೇಕು. ಹೊಸಬರು ಆ ಪಠ್ಯವನ್ನು ತಮ್ಮ ಪಠ್ಯದೊಂದಿಗೆ ಹೋಲಿಸಿ ನೋಡಿಯೇ ಕ್ರೆಡಿಟ್ ಕೊಡುತ್ತಾರೆ. ಸೊಸೆಗೆ ರಜೆ ಸಿಗುವಂತಿರಲಿಲ್ಲ. ಅವಳ ಸಹಿಯ ಪತ್ರ ಹಿಡಿದು ಬುಧವಾರ ನಾನೇ ಹೊರಟೆ. ಮುಧೋಳದಲ್ಲಿ ಬಸ್ಸು ಬದಲಿಸಿ ಬೀಳಗಿಯ ದಾರಿ ಹಿಡಿದರೆ, ಕಬ್ಬಿನ ಹಂಗಾಮು. ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರುಗಳು ರಸ್ತೆಯ ಉದ್ದಕ್ಕೂ ನಿಂತಿದ್ದವು. ಒಂದರ ಟ್ರೇಲರ್ ಮಗುಚಿ ಕಬ್ಬೆಲ್ಲ ಡಾಂಬರಿನ ಮೇಲೆ ಹಾಸಿಕೊಂಡಿತ್ತು. ಕಂಡಕ್ಟರ್ ಇಳಿದು ಒಂದು ಜಲ್ಲೆ ಮುರಿದು ತಿನ್ನುತ್ತ ನಿಂತ. ನಾನು ಕಿಟಕಿಯಿಂದ ತಲೆ ಹಾಕಿ, "ಎಷ್ಟೊತ್ತರಿ?" ಎಂದೆ. "ಕಬ್ಬಿಗೇ ಕೇಳ್ರಿ" ಎಂದು ಅವನು ಸಿಪ್ಪೆ ಉಗುಳಿದ. ಕಾಲೇಜಿನ ಕಚೇರಿ ಮಧ್ಯಾಹ್ನದ ಊಟಕ್ಕೆ ಮುಚ್ಚುವುದಕ್ಕೆ ಹತ್ತು ನಿಮಿಷವಿದ್ದಾಗ ನಾನು ಏದುಸಿರು ಬಿಡುತ್ತ ಅದರ ಬಾಗಿಲು ಹಿಡಿದಿದ್ದೆ.

ಅಲ್ಲಿನ ಗುಮಾಸ್ತರು ಒಳ್ಳೆಯವರು, ಅವಸರದವರು. ಕಂಪ್ಯೂಟರಿನಿಂದ ನಾಲ್ಕೂ ಸೆಮಿಸ್ಟರಿನ ಪಠ್ಯಕ್ರಮ ತೆಗೆದುಕೊಟ್ಟರು. ದಪ್ಪನೆಯ ಕಟ್ಟು. ಮೊದಲನೆಯ ಪುಟಕ್ಕೆ ಮುದ್ರೆ ಒತ್ತಿ ನನ್ನ ಕಡೆ ದೂಡಿದರು.

"ಎಲ್ಲಾ ಪುಟಕ್ಕೂ ಒತ್ತಬೇಕರಿ."

"ಒಂದು ಸಾಕರಿ ಯಜಮಾನ್ರ."

"ಸಾಕಂತ ಯಾರು ಹೇಳಿದ್ರು?"

"ಎಲ್ಲಾರೂ ಹಂಗ ಒಯ್ತಾರ."

"ಎಲ್ಲಾರೂ ಅಂದ್ರ ಯಾರ್ಯಾರು?" ಎಂದೆ.

ಅವರು ಪೆನ್ನು ಕೆಳಗಿಟ್ಟು ನನ್ನನ್ನು ದಿಟ್ಟಿಸಿದರು. ಹೊರಗೆ ಜವಾನ ಬಾಗಿಲ ಚಿಲಕ ಅಲ್ಲಾಡಿಸಿ ಹೊತ್ತಾಯಿತೆಂದು ಸೂಚಿಸಿದ. "ನಿಮಗ ಬೇಕಾದ ಪುಟಾರೆ ಹೇಳ್ರಿ, ಅಷ್ಟಕ್ಕ ಒತ್ತತೇನಿ" ಎಂದರು ಗುಮಾಸ್ತರು. ಯಾವ ಪುಟ ಬೇಕಾಗುತ್ತದೆ, ಯಾವುದು ಬೇಡ ಎಂಬುದು ನನಗಿನ್ನೂ ತಿಳಿದಿರಲಿಲ್ಲ. ಹಾಗೆಂದು ಹೇಳಿಬಿಟ್ಟರೆ ಸೋತಂತೆ. "ಎಲ್ಲಾ ಬೇಕು. ನೀವು ಊಟ ಮಾಡಿ ಬರ್ರಿ, ನಾ ಇಲ್ಲೇ ಕುಂದರತೇನಿ" ಎಂದು ಬೆಂಚಿನ ಮೇಲೆ ಕುಳಿತುಬಿಟ್ಟೆ. ಅವರು ಊಟ ಮುಗಿಸಿ ಬಂದು ನೋಡಿದಾಗಲೂ ನಾನು ಅಲ್ಲೇ ಇದ್ದೆ. ಅವರು ಬಾಯಲ್ಲಿ ಏನೋ ಗೊಣಗಿಕೊಂಡು ಮುದ್ರೆಯ ಪೆಟ್ಟಿಗೆ ತೆರೆದರು. ಆ ಕಚೇರಿಯಲ್ಲಿ ಅರ್ಧ ತಾಸು ಮುದ್ರೆಯ ಸದ್ದು ಬಿಟ್ಟು ಬೇರೆ ಸದ್ದಿರಲಿಲ್ಲ.

ಗುರುವಾರ, ಶುಕ್ರವಾರ ಕಟ್ಟೆಯ ಮೇಲೆ ಕುಳಿತು ಹೊಂದಿಸಿದೆ. ಎಡಕ್ಕೆ ಹೊಸ ವಿಶ್ವವಿದ್ಯಾಲಯದ ವಿಷಯಗಳು, ಬಲಕ್ಕೆ ಸೊಸೆ ಓದಿದ ವಿಷಯಗಳು. ಇದು ನನಗೆ ಹೊಸ ಕೆಲಸವೆಂದು ಅನ್ನಿಸಲೇ ಇಲ್ಲ. ನೇಕಾರಿಕೆ ಬಲ್ಲವರಿಗೆ ಗೊತ್ತು: ಮಗ್ಗದ ಮೇಲೆ ಒಂದು ಹಾಸು, ಅಂದರೆ ಉದ್ದದ ಎಳೆಗಳ ಸುತ್ತು, ಮುಗಿದಾಗ ಅದನ್ನು ಪೂರ್ತಿ ಕತ್ತರಿಸಿ ತೆಗೆಯುವುದಿಲ್ಲ. ಎಳೆಗಳನ್ನು ಬಾಚಣಿಗೆಯಂತೆ ಬಿಡಿಸಿ ಹಿಡಿಯುವ ಹಣಿಗೆಯಲ್ಲಿ ಹಳೆಯ ಎಳೆಗಳನ್ನು ಗೇಣುದ್ದ ಹಾಗೆಯೇ ಉಳಿಸಿ, ಹೊಸ ಹಾಸಿನ ಎಳೆಗಳನ್ನು ಒಂದೊಂದಾಗಿ ಅವಕ್ಕೆ ಹೊಸೆದು ಕೂಡಿಸುತ್ತಾರೆ. ಬೆರಳಿಗೆ ಬೂದಿ ಹಚ್ಚಿಕೊಂಡು ಒಂದು ಅಂಚಿನಿಂದ ಇನ್ನೊಂದು ಅಂಚಿನ ತನಕ, ಮೊದಲನೆಯದಕ್ಕೆ ಮೊದಲನೆಯದು, ಎರಡನೆಯದಕ್ಕೆ ಎರಡನೆಯದು. ಸರದಿ ತಪ್ಪಿತೋ, ಬಟ್ಟೆ ಕೆಟ್ಟಿತು. ನಮ್ಮ ಓಣಿಯಲ್ಲಿ ಹುಟ್ಟಿ ಬೆಳೆದವರಿಗೆ ಇದು ನಡೆಯುವುದನ್ನು ಕಲಿತಷ್ಟೇ ಸಹಜ. ಹಾಗಾಗಿ ನಾನು ಅವರ ಮೊದಲ ವರ್ಷದ ಎದುರು ಅವಳ ಮೊದಲ ವರ್ಷವನ್ನಿಟ್ಟೆ, ಅವರ ಎರಡನೆಯದರ ಎದುರು ಅವಳ ಎರಡನೆಯದನ್ನು. ಹೊಂದಿದ್ದಕ್ಕೆ ಗುರುತು ಹಾಕಿದೆ, ಹೊಂದದ್ದನ್ನು ಬಿಟ್ಟೆ. ಇಂಜಿನಿಯರಿಂಗಿನ ಭೌತಶಾಸ್ತ್ರ, ನಕ್ಷೆ ಬರೆಯುವುದು, ವರ್ಕ್‌ಶಾಪು ಮೊದಲಾದವೆಲ್ಲ ಬಿದ್ದುಹೋದವು. ಮೂರು ಸಲ ಕೂಡಿಸಿದೆ. ಮೂರು ಸಲವೂ ಮೂವತ್ತನಾಲ್ಕು.

ಪ್ರವೇಶ ಕೇಂದ್ರದ ತರುಣ ಸುಳ್ಳು ಹೇಳಿದ್ದ, ಎಲ್ಲ ಕ್ರೆಡಿಟ್ ಬರುವುದಿಲ್ಲ ಎಂಬುದನ್ನು ನಾನು ಕಾಗದದ ಮೇಲೆ ತೋರಿಸಿಕೊಟ್ಟಿದ್ದೆ. ಆ ಹಾಳೆ ಕೊಡುವಾಗ ನನ್ನೊಳಗೆ ಸಣ್ಣದೊಂದು ಹೆಮ್ಮೆಯೂ ಇತ್ತು ಎಂಬುದನ್ನು ಈಗ ಮುಚ್ಚಿಡುವುದರಲ್ಲಿ ಅರ್ಥವಿಲ್ಲ.

ಶನಿವಾರ ಅವಳು ಕೆಲಸದಿಂದ ಬಂದದ್ದು ಎಂದಿಗಿಂತ ತಡವಾಗಿ. ಚಪ್ಪಲಿ ಬಿಡುತ್ತಲೇ ಅತ್ತೆಗೆ ಹೇಳಿದಳು, ನನಗೆ ಕೇಳುವಷ್ಟು ಗಟ್ಟಿಯಾಗಿ: "ಪದವಿ ಮಾಡವರು, ಮಾಡದವರು, ಇಬ್ಬರೂ ಬರದು ಕೊಡಬೇಕಂತರಿ ಅತ್ತಿ. ನಾ ಮಂಗಳವಾರ ಕೊಡತೇನಿ ಅಂದು ಬಂದೆ. ಸಾಹೇಬ್ರು, ಮಾಡಾಕಿ ಹೌದೋ ಅಲ್ಲೋ ಅಷ್ಟ ಹೇಳವಾ ಅಂದ್ರು. ನನ್ನ ಬಾಯಿಂದ ಬರಲೇ ಇಲ್ಲ."

ನನ್ನ ಹೆಂಡತಿ ನನ್ನ ಕಡೆ ನೋಡಿದಳು. ಮಗ ಕಾರ್ಖಾನೆಯ ಪಾಳಿ ಮುಗಿಸಿ ಬಂದು ಊಟಕ್ಕೆ ಕುಳಿತಿದ್ದ. ತಟ್ಟೆಯಿಂದ ತಲೆಯೆತ್ತದೆ, "ಅಪ್ಪ ಆಗಾಂಗಿಲ್ಲ ಅಂದಾನಲ್ಲ, ಮುಗೀತು. ಅವನ ಲೆಕ್ಕ ಎಂದಾದ್ರೂ ತಪ್ಪೇತೇನು?" ಎಂದ. ಹೊಗಳಿಕೆಯ ಮಾತು ಅದು. ನಾನು ತಟ್ಟೆ ಪಕ್ಕಕ್ಕೆ ಸರಿಸಿದೆ. ಯಾರೋ ಅಂದರು, ಅದಕ್ಕೇ ಮುಗಿಯಿತು. ಜನ್ಮವಿಡೀ ನಾನು ಜಗಳವಾಡಿದ್ದು ಈ ಮಾತಿನೊಂದಿಗೇ. ಈಗ ನನ್ನ ಮನೆಯಲ್ಲಿ ಆ ಯಾರೋ ನಾನೇ ಆಗಿದ್ದೆ.

ಭಾನುವಾರ ಬೆಳಿಗ್ಗೆ ಚಹಾ ಕುಡಿದು ಲೋಟ ಕೆಳಗಿಡುವಷ್ಟರಲ್ಲಿ ಅವಳು ಫೈಲನ್ನು ಕಪಾಟಿನಿಂದ ಇಳಿಸಿಕೊಂಡು ಬಂದು ನನ್ನೆದುರಿಗೆ ಕುಳಿತಳು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದಳು.

"ಮಾವಾರ, ಒಂದ ಮಾತು ಕೇಳಲ್ರಿ? ಸಿಟ್ಟಾಗಬ್ಯಾಡ್ರಿ."

"ಕೇಳವ್ವ."

"ಅವರ ಮೊದಲನೇ ವರ್ಷಕ್ಕ ನಂದು ಮೊದಲನೇ ವರ್ಷಾನ ಕೂಡಬೇಕಂತ ಎಲ್ಲಿ ಬರದೈತ್ರಿ?"

ನನ್ನ ಪ್ರಶ್ನೆ. ನನ್ನದೇ ಧಾಟಿ. ಸಿಟ್ಟು ಬಂತು, ನಿಜ. "ಎಲ್ಲಿ ಅಂದ್ರ? ಅದು ಹಂಗ ಇರ್ತೈತಿ. ಹಾಸು ಕೂಡಿಸೂದಿಲ್ಲೇನು? ಸರದಿ ಬಿಟ್ಟು ಕೂಡಿಸಿದ್ರ ಎಲ್ಲಾ ಗೊಂದಲ" ಎಂದೆ.

ಕಟ್ಟೆಯ ಆ ತುದಿಯಲ್ಲಿ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದ ನನ್ನ ಹೆಂಡತಿ ಜೋರಾಗಿ ನಕ್ಕಳು. ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಬನಹಟ್ಟಿಯ ಮನೆಮನೆಗೆ ಹೋಗಿ ಎಳೆ ಕೂಡಿಸಿ ಬಂದವಳು ಅವಳು. ನಾನು ನೇಯುವವನು ಮಾತ್ರ.

"ನೋಡ ಬೇ, ಕೂಡಿಸಾಕಿ ನಾನು, ಪಾಠ ಹೇಳವರು ಇವರು."

"ಮತ್ತ ಸರದೀಲೆ ಕೂಡಸ್ತಿದ್ದಿಲ್ಲೇನು ನೀನು?"

"ಸರದಿ ಇದ್ದಲ್ಲಿ ಸರದೀಲೆ. ನಡುವ ಒಂದು ಎಳಿ ಇಲ್ಲಂದ್ರ ಏನ್ ಮಾಡ್ತಿದ್ದೆ ಅಂತ ತಿಳದೀರಿ? ಅಳಕೋತ ಕುಂದರತಿದ್ದೆ? ಅಂಚಿನ ಕಡೆ ಹೆಚ್ಚಿನ ಎಳಿ ಇರ್ತಾವ. ಒಂದನ್ನ ಅಡ್ಡ ಎಳಕೊಂಡು ಬಂದು ಆ ಜಾಗಾಕ್ಕ ಕೂಡಿಸಿ ಬಿಡತಿದ್ದೆ. ನೀವು ನೇಯ್ದ ಸೀರ್ಯಾಗ ಅಂಥಾವು ಎಷ್ಟದಾವ ಗೊತ್ತೇನು?"

"ನನಗ ಹೇಳಲಿಲ್ಲ?"

"ನೀವು ಕೇಳಿದ್ರೇನು? ನಿಮಗ ಮಗ್ಗ ಓಡಿದ್ರ ಸಾಕಾಗಿತ್ತು."

ಸೊಸೆ ತುಟಿ ಕಚ್ಚಿಕೊಂಡು ನೆಲ ನೋಡಿದಳು, ನಗು ತಡೆಯಲು. ಅದೇ ಮಾತನ್ನು ಅವಳಿಂದ ಒಮ್ಮೆ ಕೇಳಿದ್ದೆ, ಈಗ ಇವಳಿಂದ. ಹೆಂಡತಿ ನನ್ನ ಮಗ್ಗದ ಪಕ್ಕದಲ್ಲೇ ಕುಳಿತು ಮಾಡುತ್ತಿದ್ದ ಕೆಲಸವನ್ನು ನಾನು ವರ್ಷಗಟ್ಟಲೆ ನೋಡಿದ್ದೆ. ನೋಡಿದ್ದನ್ನೇ ತಿಳಿದದ್ದೆಂದು ಎಣಿಸಿ, ಆ ತಿಳಿವಿನ ಮೇಲೆ ಒಬ್ಬಳ ಎರಡೂವರೆ ವರ್ಷವನ್ನು ಅಳೆದುಬಿಟ್ಟಿದ್ದೆ.

ಕಾಗದಕ್ಕೆ ಇಳಿಸಿಕೊಂಡಿದ್ದ ನಿಯಮಾವಳಿ ತೆಗೆದೆ. ಮೊದಲನೆಯ ಪುಟದಿಂದ ಓದಿದೆ, ಈ ಸಲ ಬೆರಳಿಟ್ಟು. ಸೊಸೆ ಪಕ್ಕದಲ್ಲಿ ಕುಳಿತು ಫೋನಿನಲ್ಲಿ ಅದೇ ಪುಟ ಓದುತ್ತಿದ್ದಳು. ವರ್ಷಕ್ಕೆ ವರ್ಷ ಹೊಂದಬೇಕೆಂಬ ಮಾತು ಎಲ್ಲಿಯೂ ಇರಲಿಲ್ಲ. ಹನ್ನೊಂದನೆಯ ಪುಟದಲ್ಲಿ, ನಾನೇ ವಾರದ ಹಿಂದೆ ಪೆನ್ಸಿಲಿನಿಂದ ಗೆರೆ ಎಳೆದಿದ್ದ ಸಾಲಿನಲ್ಲಿ, ಕೋರ್ಸಿನ ಯಾವುದೇ ಸೆಮಿಸ್ಟರಿನ ವಿಷಯಕ್ಕೆ ಸಮನಾದ ಹಳೆಯ ವಿಷಯವನ್ನು ಪರಿಗಣಿಸಲಾಗುವುದು ಎಂದಿತ್ತು. ಗೆರೆ ಎಳೆದಿದ್ದೆ, ಓದಿಯೂ ಇದ್ದೆ. ಓದುವಾಗ ಕಣ್ಣಮುಂದೆ ಇದ್ದದ್ದು ಹಣಿಗೆಯ ಸರದಿ.

"ಸಂಖ್ಯಾಶಾಸ್ತ್ರ" ಎಂದಳು ಅವಳು. "ನಂದು ಎರಡನೇ ವರ್ಷದಾಗ ಐತಿ. ಅವರದು ಮೂರನೇ ವರ್ಷದಾಗ ಐತ್ರಿ. ನಾಲ್ಕು ಕ್ರೆಡಿಟ್."

ಮೂವತ್ತೆಂಟು. ಇನ್ನೂ ಎರಡು ಬೇಕು. ಇಬ್ಬರೂ ಹಾಳೆಗಳ ಮೇಲೆ ಬಗ್ಗಿದೆವು. ಮಧ್ಯಾಹ್ನದ ಹೊತ್ತಿಗೆ ಅವರ ಕೊನೆಯ ಸೆಮಿಸ್ಟರಿನ ಐಚ್ಛಿಕ ವಿಷಯಗಳ ಪಟ್ಟಿಯಲ್ಲಿ ಮೈಕ್ರೊಪ್ರೊಸೆಸರ್ ಸಿಕ್ಕಿತು. ನಾನು ಆ ಪಟ್ಟಿಯನ್ನು ತೆರೆದೇ ಇರಲಿಲ್ಲ. ಅದಕ್ಕೆ ನಾಲ್ಕು. ಬೀಳಗಿಯಿಂದ ತಂದ ಕಟ್ಟಿನಲ್ಲಿ ಆ ವಿಷಯದ ಪುಟ ಹುಡುಕಿದೆವು. ಎಲ್ಲ ಪುಟಗಳ ಹಾಗೆ ಅದರ ಮೂಲೆಯಲ್ಲೂ ನೀಲಿ ಮುದ್ರೆ, ಸ್ವಲ್ಪ ಸೊಟ್ಟಗೆ, ನಾನು ಹಸಿದ ಹೊಟ್ಟೆಯಲ್ಲಿ ಕುಳಿತು ಗುಮಾಸ್ತರಿಂದ ಒತ್ತಿಸಿಕೊಂಡದ್ದು. ನಲವತ್ತೆರಡು. ಎಲ್ಲವನ್ನೂ ಅವರು ಒಪ್ಪಬೇಕೆಂದೇನಿಲ್ಲ. ಎರಡು ಹೋದರೂ ನಡೆಯುತ್ತದೆ, ಮೂರು ಹೋದರೆ ಇಲ್ಲ.

ಸೋಮವಾರ ಅವಳು ರಜೆ ಹಾಕಿದಳು. ಹೊಸ ಪಟ್ಟಿಯನ್ನು ಅವಳೇ ಬರೆದಳು, ಪ್ರತಿ ವಿಷಯದ ಎದುರಿಗೆ ಪುಟಸಂಖ್ಯೆ ಹಾಕಿದಳು. ನಾನು ಪುಟ ತಿರುವಿ ಹಿಡಿಯುತ್ತಿದ್ದೆ, ಅವಳು ಫೋಟೊ ತೆಗೆದು ಲ್ಯಾಪ್‌ಟಾಪಿಗೆ ಹಾಕಿ ಒಂದೊಂದನ್ನೇ ಕಳಿಸುತ್ತಿದ್ದಳು. ಜಾಲತಾಣ ದೊಡ್ಡ ಚಿತ್ರಗಳನ್ನು ತಿರಸ್ಕರಿಸುತ್ತಿತ್ತು. ಕುಗ್ಗಿಸಿದರೆ ಅಕ್ಷರ ಮಸುಕು. ಮತ್ತೆ ತೆಗೆಯಬೇಕು. ನಾಲ್ಕು ಇಪ್ಪತ್ತರ ಸುಮಾರಿಗೆ ಓಣಿಯೆಲ್ಲ ಒಮ್ಮೆಲೇ ಸ್ತಬ್ಧವಾಯಿತು. ನಮ್ಮಲ್ಲಿ ಕರೆಂಟು ಹೋದದ್ದು ಮೊದಲು ಗೊತ್ತಾಗುವುದು ಕಿವಿಗೆ: ನೂರು ಮಗ್ಗಗಳ ಖಟಖಟ ಒಂದೇ ಕ್ಷಣಕ್ಕೆ ನಿಲ್ಲುತ್ತದೆ, ಆಮೇಲೆ ಮಾತ್ರ ಬಲ್ಬನ್ನು ನೋಡುತ್ತೇವೆ. ವೈಫೈ ಹೋಯಿತು. ಲ್ಯಾಪ್‌ಟಾಪಿನ ಹಳೆಯ ಬ್ಯಾಟರಿ ಅರ್ಧ ಗಂಟೆಯ ಮೇಲೆ ನಿಲ್ಲುವಂಥದ್ದಲ್ಲ. ಇನ್ನೂ ಹನ್ನೆರಡು ಪುಟ ಉಳಿದಿದ್ದವು.

"ನಿಮ್ಮ ಫೋನು ಕೊಡ್ರಿ" ಎಂದಳು. ಕೊಟ್ಟೆ. ನನ್ನ ಫೋನಿನ ನೆಟ್ಟಿಗೆ ಲ್ಯಾಪ್‌ಟಾಪು ಜೋಡಿಸಿ, ಅದನ್ನು ಎತ್ತಿಕೊಂಡು ಮಾಳಿಗೆ ಹತ್ತಿದಳು. ಅಲ್ಲಿ ಸಿಗ್ನಲ್ ಚೆನ್ನಾಗಿರುತ್ತದೆ. ನಾನು ಕಟ್ಟು ಹಿಡಿದು ಹಿಂದೆಯೇ ಏರಿದೆ, ಗಾಳಿಗೆ ಹಾಳೆ ಹಾರದಂತೆ ಎರಡೂ ಕೈಯಿಂದ ಒತ್ತಿ ಹಿಡಿದೆ. ಹೆಂಡತಿ ಕೆಳಗಿನಿಂದ, "ಹಪ್ಪಳ ಒಣಗಾಕ ಹಾಕೇನಿ, ತುಳದೀರಿ" ಎಂದು ಕೂಗಿದಳು. ಒಂಬತ್ತು ಪುಟ. ಆರು. ಮೂರರಲ್ಲಿ ದುಂಡನೆಯ ಗುರುತು ತಿರುಗುತ್ತ ನಿಂತುಬಿಟ್ಟಿತು. ಅವಳ ಹಣೆಯಿಂದ ಬೆವರು ಕೀಲಿಮಣೆಯ ಮೇಲೆ ಬಿತ್ತು. ನಾನು ಗಡಿಯಾರ ನೋಡಿದೆ, ಹೇಳಲಿಲ್ಲ. ಕೊನೆಯ ಪುಟ ಹೋಗಿ, ಅರ್ಜಿ ಸ್ವೀಕರಿಸಲಾಗಿದೆ ಎಂಬ ಸಾಲು ಮೂಡಿದಾಗ ಐದಕ್ಕೆ ಹನ್ನೊಂದು ನಿಮಿಷವಿತ್ತು. ಪರದೆಯ ಮೇಲಿನ ಸಂಖ್ಯೆಯನ್ನು ನಾನು ಅಂಗೈ ಮೇಲೆ ಪೆನ್ನಿನಿಂದ ಬರೆದುಕೊಂಡೆ. ಅಷ್ಟರಲ್ಲಿ ಲ್ಯಾಪ್‌ಟಾಪು ಆರಿತು.

ಮಂಗಳವಾರ ಅವಳು ಕಚೇರಿಯಲ್ಲಿ, ಪದವಿ ಮಾಡುತ್ತೇನೆ ಎಂದು ಬರೆದುಕೊಟ್ಟು ಬಂದಳು. ಉತ್ತರ ಬರುವ ಮೊದಲೇ. ಬರೆಯುವಾಗ ಕೈ ನಡುಗಲಿಲ್ಲವೇ ಎಂದು ಕೇಳಿದೆ. "ನಡುಗಿತರಿ. ಆದ್ರ ಅಕ್ಷರ ಛಲೋ ಬಂದಾವ" ಎಂದಳು.

ಮೂರು ವಾರ ಕಾದೆವು. ನಡುವೆ ಒಂದು ದಿನ ಪ್ರವೇಶ ಕೇಂದ್ರದ ತರುಣ ಫೋನು ಮಾಡಿ, "ಅಜ್ಜಾರ, ಆಗೇತಂತರಿ, ಪೇಢೆ ತರ್ರಿ" ಎಂದ. "ಪತ್ರ ತೋರಸ್ರಿ, ಆಮ್ಯಾಲ ಪೇಢೆ" ಎಂದೆ. ಪತ್ರ ಅವನ ಬಳಿಯೂ ಇರಲಿಲ್ಲ. ಆ ಮೂರು ವಾರದಲ್ಲಿ ನಾನು ಹೆಂಡತಿಯನ್ನು ಕೂರಿಸಿಕೊಂಡು, ಎಳೆ ಕೂಡಿಸುವುದನ್ನು ಮೊದಲಿನಿಂದ ಕೊನೆಯ ತನಕ ಕೇಳಿ ತಿಳಿದುಕೊಂಡೆ. ಬೂದಿಯನ್ನೂ ಯಾವುದೆಂದರೆ ಅದನ್ನು ಹಚ್ಚುತ್ತಿರಲಿಲ್ಲವಂತೆ, ಸಗಣಿಯ ಕುಳ್ಳಿನದೇ ಬೇಕಂತೆ. ಅದೂ ನನಗೆ ಗೊತ್ತಿರಲಿಲ್ಲ.

ಪತ್ರ ಬಂದದ್ದು ಒಂದು ಭಾನುವಾರ ಬೆಳಿಗ್ಗೆ, ಅವಳ ಮೇಲ್‌ಗೆ. ಅಡುಗೆಮನೆಯಿಂದ ಹಿಟ್ಟಿನ ಕೈಯಲ್ಲೇ ಹೊರಗೆ ಬಂದು, ಫೋನನ್ನು ಮುಂಗೈಯಿಂದ ಎತ್ತಿ ಹಿಡಿದು ಓದಿದಳು. ಮುಖದಿಂದ ಏನೂ ತಿಳಿಯಲಿಲ್ಲ.

"ಎಷ್ಟವ್ವ?" ಎಂದೆ.

ಫೋನನ್ನು ನನ್ನ ಮುಂದಿಟ್ಟಳು. "ನೀವ ನೋಡ್ರಿ. ನನ್ನ ಮಾತು ಯಾಕ ನಂಬತೀರಿ?"

ವಿಷಯಗಳ ಪಟ್ಟಿ, ಎದುರಿಗೆ ಅಂಕಿ. ಮೊತ್ತವನ್ನು ಅವರೇ ಕೊನೆಯಲ್ಲಿ ಕೊಟ್ಟಿದ್ದಾರೆಂದು ಗೊತ್ತಿದ್ದರೂ ಅದರ ಮೇಲೆ ಹೆಬ್ಬೆರಳನ್ನು ಮುಚ್ಚಿ, ಮೇಲಿನಿಂದ ಕೂಡಿಸುತ್ತ ಬಂದೆ. ಸಂಖ್ಯಾಶಾಸ್ತ್ರ ಇತ್ತು. ಮೈಕ್ರೊಪ್ರೊಸೆಸರ್ ಇತ್ತು. ನಾನು ಯಾವ ಅನುಮಾನವೂ ಇಲ್ಲದೆ ಮೊದಲ ದಿನವೇ ಗುರುತು ಹಾಕಿದ್ದ ಪರಿಸರ ಅಧ್ಯಯನವನ್ನು ಅವರು ಹೊಡೆದುಹಾಕಿದ್ದರು, ಅದರ ಎರಡು ಹೋಗಿತ್ತು. ಕೊನೆಯ ಸಾಲಿಗೆ ಬಂದಾಗ ನನ್ನ ಮೊತ್ತ ನಲವತ್ತು. ಹೆಬ್ಬೆರಳು ತೆಗೆದೆ. ಅವರದೂ ನಲವತ್ತು.

"ಏನಂತ?" ಎಂದಳು ಹೆಂಡತಿ ಬಾಗಿಲಿನಿಂದ.

"ತಡಿ, ಇನ್ನೊಮ್ಮೆ ಕೂಡಸ್ತೇನಿ" ಎಂದೆ. ಸೊಸೆ ಹಿಟ್ಟಿನ ಕೈಯನ್ನು ಸೀರೆಗೆ ಒರೆಸಿಕೊಂಡು ಬಂದು ಪಕ್ಕದಲ್ಲಿ ಕುಳಿತಳು. "ನಾನೂ ಕೂಡಸ್ತೇನ್ರಿ" ಎಂದಳು. ಇಬ್ಬರೂ ಮೇಲಿನಿಂದ ಶುರು ಮಾಡಿದೆವು, ಅವಳು ಗಟ್ಟಿಯಾಗಿ, ನಾನು ಮನಸ್ಸಿನಲ್ಲಿ.